ಶಾಲಾ ಗ್ರಂಥಪಾಲಕರ ವೃತ್ತಿ ತರಬೇತಿ: ಹೈದರಾಬಾದಿನ ಕನ್ನಡಿಗರಿಗೊಂದು ಮಾಹಿತಿ ಲೇಖನ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯು 2009ರಲ್ಲಿ ಸಂಸತ್ತಿನ ಅನುಮೋದನೆ ಪಡೆದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಪ್ರತಿ ಶಾಲೆಯಲ್ಲೂ ಒಂದು ಗ್ರಂಥಾಲಯವಿರಬೇಕು, ಅದರಲ್ಲಿ ವೃತ್ತಪತ್ರಿಕೆ, ನಿಯತಕಾಲಿಕ ಹಾಗೂ ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳು ದೊರೆಯಬೇಕು ಎಂದು ಅದರ ಅನುಸೂಚಿಯು ವಿಧಿಸುತ್ತದೆ. ಆದರೆ ಆ ಗ್ರಂಥಾಲಯವನ್ನು ನಡೆಸುವವರು ಯಾರು, ಅವರಿಗೆ ಎಂತಹ ಶಿಕ್ಷಣವಿರಬೇಕು ಎಂಬ ವಿಷಯದಲ್ಲಿ ಅದೇ ಅನುಸೂಚಿಯು ಮೌನ ತಾಳಿದೆ. ಶಿಕ್ಷಕರ ಸಂಖ್ಯೆಯನ್ನು ಲೆಕ್ಕ ಹಾಕಿ ಹೇಳಿದ ಕಾಯ್ದೆಯು ಗ್ರಂಥಪಾಲಕರ ಹೆಸರನ್ನೇ ಎತ್ತುವುದಿಲ್ಲ. ಇದರ ಪರಿಣಾಮವಾಗಿ ಅನೇಕ ಶಾಲೆಗಳಲ್ಲಿ ಪುಸ್ತಕದ ಬೀರುವಿನ ಬೀಗದ ಕೈ ಯಾರಾದರೊಬ್ಬ ಶಿಕ್ಷಕರ ಹೆಚ್ಚುವರಿ ಹೊಣೆಯಾಗಿ ಉಳಿದಿದೆ.

ಹೈದರಾಬಾದ್ ಮತ್ತು ಸಿಕಂದರಾಬಾದ್ ಅವಳಿ ನಗರಗಳಲ್ಲಿ ಈ ಹೊಣೆ ಹೊತ್ತಿರುವವರಲ್ಲಿ, ಅಥವಾ ಮುಂದೆ ಹೊರಲು ಬಯಸುವವರಲ್ಲಿ, ಕನ್ನಡಿಗರೂ ಇದ್ದಾರೆ. ಪದವಿ ಮುಗಿಸಿ ಉದ್ಯೋಗ ಅರಸುತ್ತಿರುವ ಯುವಜನರು, ಮಕ್ಕಳು ದೊಡ್ಡವರಾದ ಬಳಿಕ ಮತ್ತೆ ಕೆಲಸಕ್ಕೆ ಸೇರಬಯಸುವ ಗೃಹಿಣಿಯರು, ಖಾಸಗಿ ಶಾಲೆಗಳಲ್ಲಿ ದುಡಿಯುತ್ತಿರುವ ಶಿಕ್ಷಕಿಯರು, ಸಂಘಸಂಸ್ಥೆಗಳ ಪುಸ್ತಕ ಭಂಡಾರ ನೋಡಿಕೊಳ್ಳುವ ಸ್ವಯಂಸೇವಕರು ಇವರೆಲ್ಲರಿಗೂ ಉಪಯೋಗವಾಗಲೆಂದು ಲಭ್ಯವಿರುವ ಶಿಕ್ಷಣ ಹಾಗೂ ತರಬೇತಿಯ ವಿವರಗಳನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಹಿನ್ನೆಲೆ

ಭಾರತದಲ್ಲಿ ಗ್ರಂಥಾಲಯ ತರಬೇತಿಗೆ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕೆಯ ವಿಲಿಯಂ ಬೋರ್ಡನ್ ಅವರನ್ನು ಕರೆಸಿ 1911ರಲ್ಲಿ ತರಬೇತಿ ವರ್ಗವನ್ನು ಆರಂಭಿಸಿದರು. ದಕ್ಷಿಣದಲ್ಲಿ ಈ ಕಾರ್ಯಕ್ಕೆ ಗಟ್ಟಿಯಾದ ಬುನಾದಿ ಹಾಕಿದವರು ಡಾ. ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, ಲಂಡನ್ನಿಗೆ ತೆರಳಿ ಶಿಕ್ಷಣ ಪಡೆದು ಬಂದರು. 1929ರಲ್ಲಿ ಮದರಾಸು ಗ್ರಂಥಾಲಯ ಸಂಘದ ಆಶ್ರಯದಲ್ಲಿ ಬೇಸಿಗೆ ತರಬೇತಿ ಶಾಲೆಯನ್ನು ತೆರೆದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ನಗರದಲ್ಲಿ ನಿಧನರಾದರು. ಅವರ ಜನ್ಮದಿನವಾದ ಆಗಸ್ಟ್ 12ನ್ನು ದೇಶದಾದ್ಯಂತ ಗ್ರಂಥಪಾಲಕರ ದಿನವಾಗಿ ಆಚರಿಸಲಾಗುತ್ತಿದೆ.

ಶಾಲೆಗಳ ವಿಷಯಕ್ಕೆ ಬಂದರೆ, ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗದ 1953ರ ವರದಿಯನ್ನು ನೆನೆಯಲೇಬೇಕು. ಶಾಲಾ ಗ್ರಂಥಪಾಲಕರು ಶಿಕ್ಷಣ ಪಡೆದ ಅರ್ಹರಾಗಿರಬೇಕು, ವೇತನದಲ್ಲಿ ಶಿಕ್ಷಕರಿಗೆ ಸಮನಾಗಿರಬೇಕು ಎಂದು ಆ ಆಯೋಗ ಅಭಿಪ್ರಾಯಪಟ್ಟಿತ್ತು. ಇದರೊಂದಿಗೆ ಶಿಕ್ಷಕರ ತರಬೇತಿ ಕಾಲೇಜುಗಳಲ್ಲಿಯೂ ಪುನಶ್ಚೇತನ ಶಿಬಿರಗಳಲ್ಲಿಯೂ ಕೆಲವು ಶಿಕ್ಷಕರಿಗೆ ಗ್ರಂಥಾಲಯ ಸೇವೆಯ ಮೂಲತತ್ತ್ವಗಳನ್ನು ಕಲಿಸಬೇಕೆಂದೂ ಸೂಚಿಸಿತ್ತು. ಎಪ್ಪತ್ತು ವರ್ಷಗಳ ಬಳಿಕವೂ ಈ ಎರಡನೆಯ ಸಲಹೆ ತನ್ನ ಪ್ರಸ್ತುತತೆಯನ್ನು ಕಳೆದುಕೊಂಡಿಲ್ಲ. ಪೂರ್ಣಾವಧಿ ಗ್ರಂಥಪಾಲಕರಿಲ್ಲದ ಶಾಲೆಗೆ ಅದೊಂದೇ ಕೈಗೆಟುಕುವ ದಾರಿ.

ನಮ್ಮ ನಗರವೂ ಗ್ರಂಥಾಲಯ ಪರಂಪರೆಯಲ್ಲಿ ಹಿಂದೆ ಬಿದ್ದುದಲ್ಲ. 1891ರಲ್ಲಿ ಸ್ಥಾಪನೆಯಾದ ಆಸಫಿಯಾ ಗ್ರಂಥಾಲಯವು ಇಂದು ಅಫ್ಜಲ್‌ಗಂಜಿನಲ್ಲಿ ಮೂಸಿ ನದಿಯ ದಂಡೆಯ ಮೇಲೆ ರಾಜ್ಯ ಕೇಂದ್ರ ಗ್ರಂಥಾಲಯವಾಗಿ ನಿಂತಿದೆ. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರ ಕುರುಹಾಗಿ ಅಲ್ಲಿ ತೆಲುಗು, ಉರ್ದು, ಮರಾಠಿಗಳ ಜೊತೆ ಕನ್ನಡ ಪುಸ್ತಕಗಳೂ ಇವೆ. 1901ರಲ್ಲಿ ಆರಂಭವಾದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವು ನಿಜಾಮರ ಆಳ್ವಿಕೆಯ ಕಾಲದಲ್ಲಿ ತೆಲುಗು ಭಾಷಾ ಜಾಗೃತಿಯ ಕೇಂದ್ರವಾಗಿತ್ತು.

ಔಪಚಾರಿಕ ಶಿಕ್ಷಣ

ಶಾಲಾ ಗ್ರಂಥಪಾಲಕರಾಗಲು ಸಾಮಾನ್ಯವಾಗಿ ಕೇಳುವ ಅರ್ಹತೆಯೆಂದರೆ ಯಾವುದಾದರೊಂದು ಪದವಿ ಮತ್ತು ಅದರ ಮೇಲೆ ಒಂದು ವರ್ಷದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಪದವಿ, ಅಂದರೆ ಬಿ.ಎಲ್.ಐ.ಎಸ್ಸಿ. ಹೈದರಾಬಾದಿನಲ್ಲಿ ಇದನ್ನು ಪಡೆಯಲು ಮುಖ್ಯವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು ಉಸ್ಮಾನಿಯಾ ವಿಶ್ವವಿದ್ಯಾನಿಲಯ. ಅಲ್ಲಿ 1959ರಲ್ಲಿ ಆರಂಭವಾದ ಗ್ರಂಥಾಲಯ ವಿಜ್ಞಾನ ವಿಭಾಗವು ಪದವಿ, ಸ್ನಾತಕೋತ್ತರ ಪದವಿ ಮತ್ತು ಸಂಶೋಧನೆಗೆ ಅವಕಾಶ ಕಲ್ಪಿಸಿದೆ. ತರಗತಿಗೆ ಹಾಜರಾಗಿ ಕಲಿಯಬಲ್ಲವರಿಗೆ ಇದು ಸೂಕ್ತ. ರಾಜ್ಯದ ಸಾಮಾನ್ಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಪ್ರಕಟಣೆಯ ಕಡೆಗೆ ಗಮನವಿರಿಸಬೇಕು.

ಎರಡನೆಯದು ಡಾ. ಬಿ.ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯ. 1982ರಲ್ಲಿ ಸ್ಥಾಪಿತವಾದ ಇದರ ಕೇಂದ್ರ ಕಚೇರಿ ಜ್ಯೂಬಿಲಿ ಹಿಲ್ಸ್‌ನಲ್ಲಿದೆ. ಉದ್ಯೋಗದಲ್ಲಿರುವವರು ದೂರಶಿಕ್ಷಣದ ಮೂಲಕ ಇಲ್ಲಿ ಬಿ.ಎಲ್.ಐ.ಎಸ್ಸಿ. ಮಾಡಬಹುದು.

ಮೂರನೆಯದು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ. ಇದರ ಪ್ರಾದೇಶಿಕ ಕೇಂದ್ರವು ಹೈದರಾಬಾದಿನಲ್ಲಿದೆ. ಪದವೀಧರರಿಗೆ ಒಂದು ವರ್ಷದ ಪದವಿ ಶಿಕ್ಷಣವಲ್ಲದೆ, ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಆರು ತಿಂಗಳ ಸರ್ಟಿಫಿಕೇಟ್ ಶಿಕ್ಷಣವನ್ನೂ ಇಗ್ನೋ ರೂಪಿಸಿದೆ. ಗ್ರಂಥಾಲಯ ಸಹಾಯಕರಾಗಿ ದುಡಿಯುತ್ತಿದ್ದು ಪದವಿಯಿಲ್ಲದವರಿಗೆ ಈ ಸರ್ಟಿಫಿಕೇಟ್ ಮೊದಲ ಮೆಟ್ಟಿಲಾಗಬಲ್ಲದು. ಗಣಕೀಕರಣದಲ್ಲಿ ಪರಿಣತಿ ಬೇಕೆನ್ನುವವರಿಗೆ ಗ್ರಂಥಾಲಯ ಗಣಕೀಕರಣ ಮತ್ತು ಜಾಲ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ.

ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದವರು ಒಂದು ಅಂಶವನ್ನು ಗಮನಿಸಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿಯೂ ಗ್ರಂಥಾಲಯ ವಿಜ್ಞಾನದ ಶಿಕ್ಷಣವಿದೆ. ಆದರೆ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಗಳ ದೂರಶಿಕ್ಷಣದ ವ್ಯಾಪ್ತಿ ಆಯಾ ರಾಜ್ಯಕ್ಕೆ ಸೀಮಿತವೆಂಬುದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ ನಿಯಮ. ಇಗ್ನೋಗೆ ಈ ಮಿತಿಯಿಲ್ಲ. ಯಾವ ಸಂಸ್ಥೆಗೇ ಆಗಲಿ ಶುಲ್ಕ ಕಟ್ಟುವ ಮುನ್ನ, ಆ ಶಿಕ್ಷಣಕ್ಕೆ ಆಯೋಗದ ದೂರಶಿಕ್ಷಣ ಮಂಡಳಿಯ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ಕ್ಷೇಮ.

ಶಿಕ್ಷಣ ಪಡೆದವರಿಗೆ ಉದ್ಯೋಗವಿದೆಯೇ ಎಂಬ ಪ್ರಶ್ನೆ ಸಹಜ. ತೆಲಂಗಾಣದ ವಸತಿ ಶಾಲೆಗಳ ನೇಮಕಾತಿ ಮಂಡಳಿಯು 2023ರಲ್ಲಿ 434 ಶಾಲಾ ಗ್ರಂಥಪಾಲಕ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಕೇಂದ್ರೀಯ ವಿದ್ಯಾಲಯ ಸಂಘಟನೆಯು 2022ರ ಕೊನೆಯಲ್ಲಿ ಹೊರಡಿಸಿದ ಪ್ರಕಟಣೆಯಲ್ಲಿ ದೇಶದಾದ್ಯಂತ 355 ಗ್ರಂಥಪಾಲಕರ ಹುದ್ದೆಗಳಿದ್ದವು. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಗೆ ಸೇರಿದ ಖಾಸಗಿ ಶಾಲೆಗಳಂತೂ ನಗರದಲ್ಲಿ ಹೇರಳವಾಗಿವೆ. ಮಂಡಳಿಯ ಸಂಯೋಜನಾ ನಿಯಮಗಳ ಪ್ರಕಾರ ಅಂತಹ ಶಾಲೆಯ ಗ್ರಂಥಾಲಯ ಕೊಠಡಿಯು ಕನಿಷ್ಠ 14 ಮೀಟರ್ ಉದ್ದ, 8 ಮೀಟರ್ ಅಗಲವಿರಬೇಕು.

ಸೇವೆಯಲ್ಲಿದ್ದುಕೊಂಡೇ ಕಲಿಕೆ

ಪದವಿಯ ಪಠ್ಯಕ್ರಮದಲ್ಲಿ ವರ್ಗೀಕರಣ, ಸೂಚೀಕರಣ, ಆಡಳಿತಗಳಿಗೆ ದೊರೆಯುವಷ್ಟು ಸ್ಥಾನ ಮಕ್ಕಳ ಓದಿಗೆ ದೊರೆಯುವುದಿಲ್ಲ. ಎಂಟು ವರ್ಷದ ಮಗುವಿಗೆ ಕಥೆ ಓದಿ ಹೇಳುವುದು ಹೇಗೆ, ಓದಲು ತಡವರಿಸುವ ಹುಡುಗನಿಗೆ ಮುಜುಗರವಾಗದಂತೆ ಸರಳ ಪುಸ್ತಕ ಕೊಡುವುದು ಹೇಗೆ ಎಂಬುದನ್ನು ಕೆಲಸಕ್ಕೆ ಸೇರಿದ ಮೇಲೆಯೇ ಕಲಿಯಬೇಕಾಗುತ್ತದೆ.

ಈ ಕೊರತೆಯನ್ನು ತುಂಬುವ ಉದ್ದೇಶದಿಂದ ಟಾಟಾ ಟ್ರಸ್ಟ್‌ನ ‘ಪರಾಗ್’ ಉಪಕ್ರಮವು ಗ್ರಂಥಾಲಯ ಶಿಕ್ಷಕರಿಗಾಗಿ ಹಲವು ತಿಂಗಳ ವೃತ್ತಿ ತರಬೇತಿಯನ್ನು ರೂಪಿಸಿತು. ಇಂಗ್ಲಿಷ್ ಹಾಗೂ ಹಿಂದಿಯಲ್ಲಿ ಆರಂಭವಾದ ಈ ತರಬೇತಿಯಲ್ಲಿ ಕೆಲವು ದಿನಗಳ ಮುಖಾಮುಖಿ ಕಲಿಕೆಯಿದ್ದು, ಉಳಿದ ಅವಧಿಯಲ್ಲಿ ತಮ್ಮ ಗ್ರಂಥಾಲಯದಲ್ಲಿಯೇ ಕೆಲಸ ಮಾಡುತ್ತಾ ಮಾರ್ಗದರ್ಶಕರ ನೆರವಿನಿಂದ ಕಲಿಯಬಹುದು. 2020ರಿಂದ ಪರಾಗ್ ಪ್ರಕಟಿಸುತ್ತಿರುವ ಉತ್ತಮ ಮಕ್ಕಳ ಪುಸ್ತಕಗಳ ವಾರ್ಷಿಕ ಪಟ್ಟಿಯು ಇಂಗ್ಲಿಷ್ ಮತ್ತು ಹಿಂದಿ ಪುಸ್ತಕ ಖರೀದಿಗೆ ಕೈದೀವಿಗೆಯಂತಿದೆ. ಗೋವೆಯ ಬುಕ್‌ವರ್ಮ್ ಸಂಸ್ಥೆಯೂ ಮಕ್ಕಳ ಗ್ರಂಥಾಲಯಗಳ ಕ್ಷೇತ್ರದಲ್ಲಿ ತರಬೇತಿ ನೀಡುತ್ತಿದೆ.

ಕೇಂದ್ರೀಯ ವಿದ್ಯಾಲಯಗಳ ಸಿಬ್ಬಂದಿಗೆ ಸಂಘಟನೆಯದೇ ಆದ ವಲಯ ತರಬೇತಿ ಸಂಸ್ಥೆಗಳಿವೆ. ದಕ್ಷಿಣದವರಿಗೆ ಮೈಸೂರಿನ ಸಂಸ್ಥೆ ಹತ್ತಿರದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆಯಲ್ಲಿ ತೊಡಗಬೇಕೆಂದು ಅಪೇಕ್ಷಿಸುತ್ತದೆ. ಗ್ರಂಥಾಲಯದ ಪ್ರಭಾರ ಹೊತ್ತ ಶಿಕ್ಷಕರು ಆ ಗಂಟೆಗಳಲ್ಲಿ ಒಂದು ಪಾಲನ್ನು ಗ್ರಂಥಾಲಯ ತರಬೇತಿಗೆ ಮೀಸಲಿಡಲು ತಮ್ಮ ಮುಖ್ಯೋಪಾಧ್ಯಾಯರಲ್ಲಿ ಲಿಖಿತವಾಗಿ ಕೋರುವುದು ಒಳಿತು.

ಗಣಕ ತಂತ್ರಾಂಶಗಳಲ್ಲಿ ಎರಡನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ನ್ಯೂಜಿಲೆಂಡಿನಲ್ಲಿ ರೂಪುಗೊಂಡು 2000ದಲ್ಲಿ ಬಳಕೆಗೆ ಬಂದ ‘ಕೋಹಾ’ ಮುಕ್ತ ತಂತ್ರಾಂಶ. ಯಾವ ಶಾಲೆಯೂ ಪರವಾನಗಿ ಶುಲ್ಕವಿಲ್ಲದೆ ಬಳಸಬಹುದು. ರಾಷ್ಟ್ರೀಯ ಮಾಹಿತಿ ಕೇಂದ್ರದ ‘ಇ-ಗ್ರಂಥಾಲಯ’ವು ಸರ್ಕಾರಿ ಗ್ರಂಥಾಲಯಗಳಿಗೆ ಉಚಿತ. ಎರಡೂ ಯೂನಿಕೋಡ್‌ಗೆ ಹೊಂದಿಕೊಂಡಿರುವುದರಿಂದ ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ದಾಖಲಿಸಲು ಸಾಧ್ಯ. ಮುಂಬಯಿಯ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಪಾಠಗಳ ನೆರವಿನಿಂದ ಕೋಹಾವನ್ನು ಮನೆಯಲ್ಲಿಯೇ ಕಲಿಯಬಹುದು.

ಬೀಗ ಮತ್ತು ಲೆಕ್ಕ ಪರಿಶೋಧನೆ

ತರಬೇತಿಯಿಲ್ಲದ ಸಿಬ್ಬಂದಿಯನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಪುಸ್ತಕ ಕಳೆದುಹೋದೀತೆಂಬ ಭಯ. ಕಳೆದುಹೋದರೆ ತನ್ನ ಸಂಬಳದಿಂದ ಮುರಿದುಕೊಳ್ಳುತ್ತಾರೆಂಬ ಆತಂಕದಿಂದ ಬೀರುವಿಗೆ ಬೀಗ ಬೀಳುತ್ತದೆ. ವರ್ಷದ ಕೊನೆಯಲ್ಲಿ ಎಣಿಸಿದಾಗ ಪುಸ್ತಕಗಳೆಲ್ಲವೂ ಇರುತ್ತವೆ, ಓದಿದ ಮಗು ಮಾತ್ರ ಒಂದೂ ಇರುವುದಿಲ್ಲ. ಆದ್ದರಿಂದ ಈ ವಿಷಯದ ನಿಯಮವನ್ನು ತಿಳಿದುಕೊಳ್ಳುವುದೇ ಒಂದು ಮುಖ್ಯ ತರಬೇತಿ.

ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರ 215ನೆಯ ನಿಯಮವು ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. ಅದರಂತೆ, ವರ್ಷದಲ್ಲಿ ಎರವಲು ನೀಡಿದ ಅಥವಾ ಪರಾಮರ್ಶೆಗೆ ಬಳಸಿದ ಪ್ರತಿ ಸಾವಿರ ಸಂಪುಟಗಳಿಗೆ ಐದು ಸಂಪುಟಗಳ ನಷ್ಟವನ್ನು ಸಹಜವೆಂದು ಭಾವಿಸಬಹುದು. ಅದು ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆದದ್ದಾಗಿರಬಾರದು, ಅಷ್ಟೆ. 1,000 ರೂಪಾಯಿಗೆ ಮೀರಿದ ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ತನಿಖೆ ಕಡ್ಡಾಯ. 20,000 ಸಂಪುಟಗಳವರೆಗಿನ ಗ್ರಂಥಾಲಯದಲ್ಲಿ ಪ್ರತಿ ವರ್ಷವೂ ಪೂರ್ಣ ಎಣಿಕೆ ನಡೆಯಬೇಕು. 20,000ದಿಂದ 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ ಆಗಬೇಕು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನಷ್ಟದ ಪ್ರಮಾಣವನ್ನು ಅಳೆಯುವುದು ಬೀರುವಿನಲ್ಲಿರುವ ಪುಸ್ತಕಗಳ ಮೇಲಲ್ಲ, ಬಳಕೆಯಾದ ಪುಸ್ತಕಗಳ ಮೇಲೆ. ವರ್ಷಕ್ಕೆ 8,000 ಬಾರಿ ಪುಸ್ತಕ ಎರವಲು ಕೊಟ್ಟ ಶಾಲೆಯಲ್ಲಿ 40 ಪುಸ್ತಕಗಳು ಕಳೆದರೂ ಅದು ನಿಯಮದ ಮಿತಿಯೊಳಗೇ ಇರುತ್ತದೆ. 200 ಬಾರಿ ಕೊಟ್ಟ ಶಾಲೆಯಲ್ಲಿ ಒಂದೇ ಒಂದು. ಬ್ಯಾಂಕಿನಲ್ಲಿ ದುಡಿಯುವ ನನ್ನಂಥವರಿಗೆ ಈ ತರ್ಕ ಬಲು ಬೇಗ ಹಿಡಿಸುತ್ತದೆ. ಸಾಲ ಕೊಡುವ ಸಂಸ್ಥೆ ಒಂದಿಷ್ಟು ನಷ್ಟಕ್ಕೆ ಲೆಕ್ಕದಲ್ಲಿ ಮೊದಲೇ ಅವಕಾಶ ಮಾಡಿಕೊಳ್ಳುತ್ತದೆ. ನಷ್ಟವಾದೀತೆಂದು ಸಾಲ ಕೊಡುವುದನ್ನೇ ನಿಲ್ಲಿಸುವುದಿಲ್ಲ. ಈ ನಿಯಮವು ಖಾಸಗಿ ಶಾಲೆಗಳನ್ನು ತಾನಾಗಿಯೇ ಕಟ್ಟುವುದಿಲ್ಲವಾದರೂ, ಆಡಳಿತ ಮಂಡಳಿಯು ಇದನ್ನೇ ಮಾದರಿಯಾಗಿಟ್ಟುಕೊಂಡು ಒಂದು ಠರಾವು ಮಾಡಿಕೊಂಡರೆ ಗ್ರಂಥಪಾಲಕರ ಮನಸ್ಸು ನಿರಾಳವಾಗುತ್ತದೆ. ಇದಕ್ಕೆ ಬೇಕಾದ ದಾಖಲೆಗಳು ಎರಡೇ: ಕ್ರಮಾಂಕ ಸಹಿತವಾದ ದಾಖಲಾತಿ ವಹಿ ಮತ್ತು ಪ್ರತಿದಿನದ ಎರವಲು ವಹಿ. ಎರವಲು ವಹಿಯನ್ನು ಸರಿಯಾಗಿ ಬರೆದಿಟ್ಟವರಿಗೆ ಅದೇ ರಕ್ಷಣೆ.

ಕನ್ನಡ ಪುಸ್ತಕಗಳ ನಿರ್ವಹಣೆ

ಹೈದರಾಬಾದಿನ ಶಾಲೆಗಳಲ್ಲಿ ಕನ್ನಡ ಪುಸ್ತಕಗಳು ದಾನವಾಗಿ ಬಂದರೂ ‘ಇತರೆ’ ಎಂಬ ಚೀಟಿ ಅಂಟಿಸಿಕೊಂಡು ಕೆಳಗಿನ ಅಡ್ಡಹಲಗೆ ಸೇರುವುದುಂಟು. ಇದಕ್ಕೆ ಅನಾದರಕ್ಕಿಂತ ಅಪರಿಚಯವೇ ಕಾರಣ. ತೆಲುಗು ಬಲ್ಲ ಗ್ರಂಥಪಾಲಕರಿಗೆ ಕೆಲವು ಅಂಶಗಳನ್ನು ತಿಳಿಸಿದರೆ ಸಮಸ್ಯೆಯ ಬಹುಭಾಗ ಪರಿಹಾರವಾಗುತ್ತದೆ.

ಮೊದಲನೆಯದು ಲಿಪಿ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ತಲೆಕಟ್ಟಿನ ಆಕಾರ ಹಾಗೂ ಕೆಲವು ಅಕ್ಷರಗಳ ವ್ಯತ್ಯಾಸವನ್ನು ಗುರುತಿಸಿಕೊಂಡರೆ ತೆಲುಗು ಓದುವವರು ಕೆಲವೇ ವಾರಗಳ ಅಭ್ಯಾಸದಿಂದ ಕನ್ನಡ ಶೀರ್ಷಿಕೆಗಳನ್ನು ಓದಬಲ್ಲರು. ಇದು ಮಕ್ಕಳಿಗೂ ಅನ್ವಯಿಸುತ್ತದೆ. ತೆಲಂಗಾಣದಲ್ಲಿ 2018ರ ಕಾಯ್ದೆಯಂತೆ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಮನೆಯಲ್ಲಿ ಕನ್ನಡ ಮಾತನಾಡಿ ಶಾಲೆಯಲ್ಲಿ ತೆಲುಗು ಓದಲು ಕಲಿತ ಮಗುವಿಗೆ ಕನ್ನಡ ಓದಲು ಬೇಕಾದ ಭಾಷೆಯೂ ಇದೆ, ಅಕ್ಷರದ ಮುಕ್ಕಾಲು ಪಾಲೂ ಇದೆ. ಎರಡು ಲಿಪಿಗಳನ್ನು ಅಕ್ಕಪಕ್ಕ ಬರೆದ ಒಂದು ಪಟವನ್ನು ಗ್ರಂಥಾಲಯದ ಗೋಡೆಗೆ ತೂಗುಹಾಕಿದರೆ ಉಳಿದ ಕಾಲು ಪಾಲಿಗೆ ಹಾದಿಯಾಗುತ್ತದೆ.

ಎರಡನೆಯದು ವರ್ಗಸಂಖ್ಯೆ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ತೆಲುಗಿನದು 894.827. ಸಂಖ್ಯೆ ಹಾಕಿದ ಮೇಲೆ ಪುಸ್ತಕಕ್ಕೆ ತನ್ನದೇ ಜಾಗ ದೊರೆಯುತ್ತದೆ. ಕೆಳ ತರಗತಿಯ ಮಕ್ಕಳಿಗೆ ಸಂಖ್ಯೆಗಿಂತ ಓದಿನ ಮಟ್ಟವನ್ನು ಸೂಚಿಸುವ ಬಣ್ಣದ ಪಟ್ಟಿಯೇ ಅನುಕೂಲ.

ಮೂರನೆಯದು ಲೇಖಕರ ಹೆಸರು. ತೆಲುಗರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕನ್ನಡದಲ್ಲಿ ಒಂದೇ ಪದ್ಧತಿಯಿಲ್ಲ. ಜಿ.ಪಿ. ರಾಜರತ್ನಂ ಅವರನ್ನು ‘ರಾಜರತ್ನಂ’ ಎಂದೇ ಹುಡುಕುತ್ತಾರೆ. ಪಂಜೆ ಮಂಗೇಶರಾಯರನ್ನು ‘ಪಂಜೆ’ ಎಂದು ಹುಡುಕುವರೇ ಹೊರತು ರಾವ್ ಎಂದಲ್ಲ. ‘ಕವಿಶಿಷ್ಯ’ ಎಂಬುದು ಅವರದೇ ಕಾವ್ಯನಾಮ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿಗೆ ಊರ ಹೆಸರೇ ಗುರುತು. ಕೆ.ವಿ. ಪುಟ್ಟಪ್ಪನವರು ಕುವೆಂಪು. ಹೆಚ್ಚು ಬಳಕೆಯಲ್ಲಿರುವ ಹೆಸರಿನಡಿ ಮುಖ್ಯ ನಮೂದು ಮಾಡಿ, ಉಳಿದ ಹೆಸರುಗಳಿಂದ ಅಡ್ಡ ಉಲ್ಲೇಖ ಕೊಡುವುದು ಸರಿಯಾದ ಕ್ರಮ. ಕನ್ನಡ ಬಲ್ಲವರೊಬ್ಬರು ಒಂದು ಮಧ್ಯಾಹ್ನ ಕುಳಿತು ನೂರು ಲೇಖಕರ ಪಟ್ಟಿ ಮಾಡಿಕೊಟ್ಟರೆ ಶಾಲೆಗೆ ವರ್ಷಗಳ ಕಾಲ ಉಪಯೋಗವಾಗುತ್ತದೆ.

ಪುಸ್ತಕಗಳ ಆಯ್ಕೆಗೆ ಆಕರಗಳು ಅನೇಕ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಓದಿನ ನಾಲ್ಕು ಮಟ್ಟಗಳಿಗೆ ತಕ್ಕ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ, ಮುದ್ರಿಸಿ ಹಂಚಲು ಅನುಮತಿಯೂ ಉಂಟು. ಚೆನ್ನೈನ ತೂಲಿಕಾ ಪ್ರಕಾಶನದ ಕನ್ನಡ-ಇಂಗ್ಲಿಷ್ ದ್ವಿಭಾಷಾ ಚಿತ್ರಪುಸ್ತಕಗಳು ಹೊರನಾಡಿನ ಮಕ್ಕಳಿಗೆ ಹೇಳಿ ಮಾಡಿಸಿದಂತಿವೆ. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ಅಗ್ಗದ ಬೆಲೆಗೆ ಕನ್ನಡ ಮಕ್ಕಳ ಪುಸ್ತಕಗಳನ್ನು ಒದಗಿಸುತ್ತದೆ. ರಾಷ್ಟ್ರೋತ್ಥಾನ ಸಾಹಿತ್ಯದ ‘ಭಾರತ ಭಾರತಿ’ ಮಾಲೆಯ 510 ಕಿರುಪುಸ್ತಕಗಳು ನಮ್ಮ ಪೀಳಿಗೆಯ ಅನೇಕರ ಬಾಲ್ಯದ ಓದು. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳೂ ಗಮನಾರ್ಹ. ಕರ್ನಾಟಕದಲ್ಲಿ 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ವ್ಯಾಪ್ತಿಗೆ ಬಂದ ಮೇಲೆ, 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಅಲ್ಲಿ ನಡೆದ ಪ್ರಯೋಗಗಳು ನಮಗೆ ಕನ್ನಡದಲ್ಲಿಯೇ ದೊರೆಯುವ ಪಾಠಗಳಾಗಿವೆ.

ಹೊರದೇಶಗಳ ಅನುಭವ

ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಮತ್ತು ಯುನೆಸ್ಕೋ 1999ರಲ್ಲಿ ಶಾಲಾ ಗ್ರಂಥಾಲಯ ಪ್ರಣಾಳಿಕೆಯನ್ನು ಹೊರತಂದವು. ಇಫ್ಲಾದ ಶಾಲಾ ಗ್ರಂಥಾಲಯ ಮಾರ್ಗಸೂಚಿಗಳ ಎರಡನೆಯ ಆವೃತ್ತಿ 2015ರಲ್ಲಿ ಪ್ರಕಟವಾಗಿದ್ದು, ಉಚಿತವಾಗಿ ದೊರೆಯುತ್ತದೆ. ಅಮೆರಿಕೆಯ ಕೊಲರಾಡೊ ರಾಜ್ಯದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವು, ಗ್ರಂಥಾಲಯದ ಸಿಬ್ಬಂದಿ ಮತ್ತು ಪುಸ್ತಕ ಸಂಗ್ರಹ ಹೆಚ್ಚಿದ್ದ ಶಾಲೆಗಳಲ್ಲಿ ಮಕ್ಕಳ ಓದಿನ ಅಂಕಗಳೂ ಹೆಚ್ಚಿದ್ದುದನ್ನು ಗುರುತಿಸಿತು. ಶಾಲೆಯ ಆಡಳಿತ ಮಂಡಳಿಯೊಡನೆ ಮಾತನಾಡುವಾಗ ಇಂತಹ ದಾಖಲೆಗಳು ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಸಂಘಸಂಸ್ಥೆಗಳು ಮಾಡಬಹುದಾದ ಕಾರ್ಯ

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ಬೆಳೆಸಿದ ಹಿರಿಯರು ಈ ನಗರದಲ್ಲಿ ಕನ್ನಡಕ್ಕೊಂದು ನೆಲೆ ಒದಗಿಸಿದರು. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಭಾಗದ ಗಡಿ ಗ್ರಾಮಗಳಲ್ಲಿ ಇಂದಿಗೂ ಕನ್ನಡ ಮಾತನಾಡುವ ಮಕ್ಕಳಿದ್ದಾರೆ. ಪುಸ್ತಕ ದಾನ ಮಾಡುವ ಸತ್ಕಾರ್ಯ ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಅದರ ಜೊತೆಗೆ ಮೂರು ಸಣ್ಣ ಕಾರ್ಯಗಳನ್ನು ಕೈಗೊಳ್ಳಬಹುದು. ಪುಸ್ತಕ ಕೊಡುವ ಶಾಲೆಯ ಗ್ರಂಥಪಾಲಕರಿಗೆ ಕನ್ನಡ ಲಿಪಿ ಮತ್ತು ಸೂಚೀಕರಣದ ಒಂದು ದಿನದ ಪರಿಚಯ ನೀಡುವುದು. ವಾರಕ್ಕೊಮ್ಮೆ ಗ್ರಂಥಾಲಯದ ಅವಧಿಯಲ್ಲಿ ಕಥೆ ಓದಿ ಹೇಳಲು ನಿವೃತ್ತರನ್ನೂ ಗೃಹಿಣಿಯರನ್ನೂ ಕಳುಹಿಸುವುದು. ಗ್ರಂಥಾಲಯ ಶಿಕ್ಷಣಕ್ಕೆ ಸೇರಬಯಸುವ ಬಡ ಪದವೀಧರರೊಬ್ಬರಿಗೆ ಪ್ರತಿ ವರ್ಷ ಶುಲ್ಕ ಭರಿಸುವುದು.

ಮುಕ್ತ ವಿಶ್ವವಿದ್ಯಾನಿಲಯಗಳ ಪ್ರವೇಶ ಪ್ರಕಟಣೆಗಳು ವರ್ಷದಲ್ಲಿ ನಿಗದಿತ ಅವಧಿಯಲ್ಲಿ ಮಾತ್ರ ಹೊರಬೀಳುವುದರಿಂದ ಆಸಕ್ತರು ಪದವಿಯ ಅಂಕಪಟ್ಟಿ, ವರ್ಗಾವಣೆ ಪತ್ರ, ಅನುಭವ ಪತ್ರಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು. ಗ್ರಂಥಾಲಯದಲ್ಲಿ ಎರಡು ವರ್ಷ ದುಡಿದ ಅನುಭವವಿರುವ ಪದವೀಧರರಿಗೆ ಇಗ್ನೋದಲ್ಲಿ ಅಂಕದ ಮಿತಿಯಿಂದ ರಿಯಾಯಿತಿ ಇರುತ್ತದೆ. ಆದುದರಿಂದ ಇಂದು ಪ್ರಭಾರದ ಮೇಲೆ ಕೆಲಸ ಮಾಡುತ್ತಿರುವವರು ತಮ್ಮ ಶಾಲೆಯಿಂದ ಅನುಭವ ಪತ್ರವನ್ನು ಈಗಲೇ ಬರೆಸಿಟ್ಟುಕೊಳ್ಳುವುದು ಒಳ್ಳೆಯದು.